ಫಲಕದ ನಾಲ್ಕನೇ ಸಾಲು

ನಾನು ಓದು ನಿಲ್ಲಿಸಿದ್ದು ೧೯೯೩ರಲ್ಲಿ, ಒಂಬತ್ತನೇ ತರಗತಿಯ ನಡುವೆ, ದಸರಾ ರಜೆಗೆ ಇನ್ನೂ ಹದಿನೈದು ದಿನ ಇರುವಾಗ. ಫೇಲಾಗಿ ಬಿಟ್ಟವನಲ್ಲ. ಮನೆಯಲ್ಲಿ ಊಟಕ್ಕಿಲ್ಲದೆ ಬಿಟ್ಟವನೂ ಅಲ್ಲ. ಒಬ್ಬ ಮೇಷ್ಟ್ರು ಬಿಡಿಸಿದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನದನ್ನೂ ಬರೆಯುವುದಿಲ್ಲ, ನಡುವೆ ಬರುವ ರಾಜರದ್ದನ್ನೂ ಬರೆಯುವುದಿಲ್ಲ. ಹೆಸರಿನಿಂದಲೇ ಆದ ಅವಮಾನ ಇದು, ಹೆಸರಿಲ್ಲದೆಯೇ ಹೇಳಿ ಮುಗಿಸುತ್ತೇನೆ.

ನನಗೆ ಇಟ್ಟಿರುವುದು ನಮ್ಮ ತಾತನ ಹೆಸರು. ನಮ್ಮ ಕಡೆ ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಸೊಸೆಯಾದವಳು ಮಾವನ ಹೆಸರನ್ನು ಬಾಯಲ್ಲಿ ಆಡಬಾರದು ಎನ್ನುವುದೂ ರೂಢಿಯೇ. ಹಾಗಾಗಿ ನಮ್ಮವ್ವ ಸಾಯುವವರೆಗೂ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ. "ತಾತ, ಉಣ್ಣಾಕ್ ಬಾ" ಎಂದೇ ಕರೆಯುತ್ತಿದ್ದಳು. ನಾನೂ ತಾತನೂ ಇಬ್ಬರೂ ಎದ್ದು ಹೋಗುತ್ತಿದ್ದೆವು. ತಾತ ನಗುತ್ತಾ, "ನನ್ನಲ್ಲ ಕಣ್ಲಾ, ನಿನ್ನ" ಎನ್ನುತ್ತಿದ್ದ.

ತಾತ ಚಿಕ್ಕಬಾಣಾವರದ ಆಚೆಯ ಕಲ್ಲುಕ್ವಾರಿಯಲ್ಲಿ ಕಲ್ಲು ಒಡೆಯುತ್ತಿದ್ದ. ಒಡೆಯುವುದಷ್ಟೇ ಅಲ್ಲ, ಚಪ್ಪಡಿಯನ್ನು ಉಳಿಯಲ್ಲಿ ನಯ ಮಾಡುತ್ತಿದ್ದ. ನಮ್ಮೂರಿನ ಅರ್ಧ ಮನೆಗಳ ಹೊಸ್ತಿಲು ಅವನ ಕೈಯದು. ಈಗ ಆ ಮನೆಗಳನ್ನು ಕೆಡವಿ ಬಾಡಿಗೆ ಕಟ್ಟಡಗಳನ್ನು ಎಬ್ಬಿಸಿದ್ದಾರೆ. ಹೊಸ್ತಿಲುಗಳು ಎಲ್ಲಿ ಹೋದವೋ ಗೊತ್ತಿಲ್ಲ.

ಸಮಾಜ ವಿಜ್ಞಾನದ ಮೇಷ್ಟ್ರು ನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಪಾಠ ಚೆನ್ನಾಗಿಯೇ ಮಾಡುತ್ತಿದ್ದರು, ಅದನ್ನು ಇಲ್ಲ ಎನ್ನುವುದಿಲ್ಲ. ಆ ದಿನ ಶಾಲೆಗೆ ಮೇಲಿನ ಕಚೇರಿಯಿಂದ ಯಾರೋ ಸಾಹೇಬರು ತಪಾಸಣೆಗೆ ಬಂದಿದ್ದರು. ನಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದರು. ಮೇಷ್ಟ್ರು ನನ್ನನ್ನು ಎಬ್ಬಿಸಿ ಕೇಳಿದರು: ನರ್ಮದೆಯ ತಡಿಯಲ್ಲಿ ಉತ್ತರದ ಚಕ್ರವರ್ತಿಯನ್ನು ತಡೆದ ನಮ್ಮ ರಾಜ ಯಾರು?

ನಾನು ಹೆಸರು ಹೇಳಿದೆ. ಸರಿಯಾಗಿಯೇ ಇತ್ತು.

"ಆ ಹೆಸರಿನೋರು ಇಬ್ಬರಿದ್ದಾರೆ. ಒಂದನೆಯವನೋ ಎರಡನೆಯವನೋ?"

ಅವರಿಬ್ಬರು ಅಜ್ಜ, ಮೊಮ್ಮಗ. ಓದಿದವರಿಗೆಲ್ಲ ಗೊತ್ತಿರುವ ವಿಷಯ. ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿ ಅಶ್ವಮೇಧ ಮಾಡಿದವನು ಅಜ್ಜ. ನರ್ಮದೆಯಲ್ಲಿ ನಿಂತವನು ಮೊಮ್ಮಗ. ಇಬ್ಬರಿಗೂ ಒಂದೇ ಹೆಸರು. ನನಗೆ ಆ ಕ್ಷಣದಲ್ಲಿ ಕಣ್ಣ ಮುಂದೆ ಬಂದದ್ದು ನಮ್ಮ ಮನೆ. ತಾತನಿಗಿಂತ ಮೊಮ್ಮಗ ದೊಡ್ಡವನಾಗುವುದು ಎಲ್ಲಾದರೂ ಉಂಟೆ? ನಾನು ಎದೆಯುಬ್ಬಿಸಿ, "ಒಂದನೆಯವನು ಸಾರ್" ಎಂದೆ.

ಸಾಹೇಬರು ನಕ್ಕರು. ಅವರು ನಗದೇ ಇದ್ದಿದ್ದರೆ ಮೇಷ್ಟ್ರು ತಲೆಗೊಂದು ಮೊಟಕಿ ಕೂರಿಸುತ್ತಿದ್ದರೋ ಏನೋ. ಅವರು ನಕ್ಕಿದ್ದರಿಂದ ಮೇಷ್ಟ್ರಿಗೆ ಮುಖ ಕೆಂಪಾಯಿತು. "ಹತ್ತು ಬೆಂಚ್ ಮೇಲೆ" ಎಂದರು. ಹತ್ತಿದೆ. ಆಮೇಲೆ ಸಾಹೇಬರ ಕಡೆ ತಿರುಗಿ, ತಮಾಷೆ ಮಾಡುವ ದನಿಯಲ್ಲಿ ಹೇಳಿದರು: "ಇವನಿಗೂ ತಾತನ ಹೆಸರೇ ಸಾರ್. ಇವರ ತಾತ ಕ್ವಾರೀಲಿ ಕಲ್ಲು ಹೊಡೀತಾನೆ. ಇವನೂ ಅದನ್ನೇ ಹೊಡೆಯೋದು. ಅವನು ಒಂದನೇ ಕಲ್ಲು, ಇವನು ಎರಡನೇ ಕಲ್ಲು."

ಇಡೀ ತರಗತಿ ನಕ್ಕಿತು. ನಾನು ಬೆಂಚಿನ ಮೇಲೆ ಆ ಪೀರಿಯಡ್ ಮುಗಿಯುವವರೆಗೆ ನಿಂತಿದ್ದೆ, ಮುಂದಿನ ಪೀರಿಯಡ್ಡೂ ಅವರದೇ, ಅದರಲ್ಲೂ ನಿಂತಿದ್ದೆ. ಕಾಲು ನಡುಗಿ, "ಸಾರ್, ಕೂತ್ಕೋಬೋದಾ?" ಎಂದು ಕೇಳಿದೆ. "ಪಾಠ ಮುಗೀಲಿ" ಎಂದರು. ಪಾಠ ಮುಗಿದ ಮೇಲೆ ಹಾಗೇ ಹೊರಟುಹೋದರು. ಕೂರು ಎಂದು ಹೇಳಲಿಲ್ಲ.

ಮಾರನೆಯ ದಿನದಿಂದ ನನ್ನ ಹೆಸರು ಹೋಯಿತು. ಎರಡನೇ ಕಲ್ಲು ಎಂದು ಕರೆದರು. ಕಬಡ್ಡಿಯಲ್ಲಿ ಎರಡನೇ ಕಲ್ಲು, ನೀರಿನ ನಲ್ಲಿಯ ಹತ್ತಿರ ಎರಡನೇ ಕಲ್ಲು. ನನಗಂದದ್ದನ್ನು ತಡೆದುಕೊಳ್ಳುತ್ತಿದ್ದೆ. ತಾತನಿಗಂದದ್ದು ತಡೆಯಲಾಗಲಿಲ್ಲ. ನಾಲ್ಕನೇ ದಿನ ಚೀಲವನ್ನು ಅಟ್ಟದ ಮೇಲೆ ಎಸೆದೆ. ತಾತ ಕೇಳಿದ, "ಯಾಕ್ಲಾ, ಇಸ್ಕೂಲ್ಗೆ ಓಗಲ್ವಾ?" "ಇಷ್ಟ ಇಲ್ಲ" ಎಂದೆ. ಅವನು ಸಾಯುವವರೆಗೂ ಕಾರಣ ಹೇಳಲಿಲ್ಲ. ಹೇಳಿದ್ದರೆ ಅವನು ತನ್ನ ಉಳಿಯನ್ನು ಬೇರೆ ದೃಷ್ಟಿಯಲ್ಲಿ ನೋಡಿಬಿಡುತ್ತಿದ್ದ.

ಮುಂದಿನ ವಾರವೇ ಪೀಣ್ಯಕ್ಕೆ ಹೋದೆ. ನಾನು ಸೇರಿದ ವರ್ಕ್‌ಶಾಪಿನಲ್ಲಿ ನನ್ನ ಹೆಸರಿನವರು ಮೊದಲೇ ಇಬ್ಬರಿದ್ದರು. ಅಲ್ಲಿ ಯಾರೂ ಒಂದನೆಯವನು ಎರಡನೆಯವನು ಎಂದು ಎಣಿಸುತ್ತಿರಲಿಲ್ಲ. ಯಾರು ಯಾವ ಮಷಿನ್ ಮೇಲೆ ನಿಲ್ಲುತ್ತಾರೋ ಅದೇ ಅವರ ಗುರುತು. ಒಬ್ಬ ಲೇತ್, ಒಬ್ಬ ಡ್ರಿಲ್ಲಿಂಗ್. ನನ್ನನ್ನು ಅಕ್ಷರ ಕೆತ್ತುವ ಮಷಿನ್‌ಗೆ ಹಾಕಿದರು, ನಾನು ಕೆತ್ತನೆಯವನಾದೆ. ಮೂವರಿಗೂ ಒಂದೇ ಹೆಸರು, ಮೂವರಿಗೂ ಬೇರೆ ಬೇರೆ ಕೈ. ಲೇತಿನವನು ನನಗಿಂತ ಹತ್ತು ವರ್ಷ ದೊಡ್ಡವನು, ಬಾಗಲಗುಂಟೆಯಲ್ಲಿ ಮನೆ. ಅವನು ಹೇಳಿಕೊಟ್ಟದ್ದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ. ಮುಂದೆ ನಾನು ಸ್ವಂತ ಶೆಡ್ ಹಾಕಿದಾಗ ಅವನು ತನ್ನ ಹಳೇ ಲೇತನ್ನೂ ಎತ್ತಿಕೊಂಡು ನನ್ನ ಜೊತೆಗೇ ಬಂದ. ಈಗಲೂ ಇದ್ದಾನೆ.

ನನ್ನ ಕಸುಬು ಹೆಸರಿನ ಫಲಕ ಮಾಡುವುದು. ಕಾರ್ಖಾನೆಗಳ ಬೋರ್ಡು, ಶಂಕುಸ್ಥಾಪನೆಯ ಕಲ್ಲು, ಅಪಾರ್ಟ್‌ಮೆಂಟಿನ ಬಾಗಿಲಿಗೆ ಹಿತ್ತಾಳೆ ಪಟ್ಟಿ. ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಕೆತ್ತುವ ಮುಂಚೆ ಕಾಗದದ ಮೇಲೆ ಪ್ರೂಫ್ ತೆಗೆದು ಕೊಡುತ್ತೇವೆ. ಗಿರಾಕಿ ಓದಿ ಕೆಳಗೆ ಸಹಿ ಹಾಕಬೇಕು. ಸಹಿಯಾದ ಮೇಲೆ ಅದರಲ್ಲಿ ಇದ್ದದ್ದು ಇದ್ದ ಹಾಗೆ ಲೋಹಕ್ಕೆ ಇಳಿಯುತ್ತದೆ. ತಪ್ಪು ಕಂಡರೆ ಒಂದು ಮಾತು ಹೇಳುತ್ತೇವೆ. ಹೇಳಲೇಬೇಕು ಎಂದೇನಿಲ್ಲ, ಆದರೆ ಮರ್ಯಾದಸ್ಥರು ಹೇಳುತ್ತಾರೆ. ನಾನು ಯಾವಾಗಲೂ ಹೇಳಿದ್ದೇನೆ. ಒಂದು ಸಲ ಹೇಳಲಿಲ್ಲ.

ಆ ಇಬ್ಬರು ರಾಜರನ್ನು ನಾನು ಬಿಟ್ಟಿರಲಿಲ್ಲ. ದ್ವೇಷ ಮನುಷ್ಯನನ್ನು ಓದಿಸುತ್ತದೆ. ಭಾನುವಾರದ ಹಳೇ ಪುಸ್ತಕದ ರಾಶಿಯಲ್ಲಿ ಕರ್ನಾಟಕದ ಇತಿಹಾಸ ಎಂದು ಕಂಡದ್ದನ್ನೆಲ್ಲ ಕೊಂಡೆ. ಒಂದೇ ಹೆಸರಿನ ರಾಜರು ನಮ್ಮಲ್ಲಿ ಎಷ್ಟು ಜನ! ಮಳಖೇಡದ ವಂಶದಲ್ಲಿ ಒಂದೇ ಹೆಸರಿನವರು ಮೂವರು. ಮೊದಲನೆಯವನ ಕಾಲದಲ್ಲಿ ಎಲ್ಲೋರದ ಇಡೀ ಬೆಟ್ಟವನ್ನು ಕೊರೆದು ಗುಡಿ ಮಾಡಿದರು, ಮೂರನೆಯವನು ತಕ್ಕೋಲದಲ್ಲಿ ಚೋಳರನ್ನು ಬಡಿದ, ನಡುವಿನವನನ್ನು ಕೇಳುವವರಿಲ್ಲ. ಕಲ್ಯಾಣದಲ್ಲೊಬ್ಬ, ಅದೇ ಹೆಸರಿನ ಆರನೆಯವನಾಗಿ ಹುಟ್ಟಿ, ಹಳೇ ಶಕೆಯನ್ನು ಬಿಟ್ಟು ತನ್ನ ಹೆಸರಿನಲ್ಲೇ ಹೊಸ ಶಕೆ ಶುರು ಮಾಡಿದ. ಅವನನ್ನು ಕಂಡರೆ ನನಗೆ ಪ್ರೀತಿ. ಐದು ಜನ ಉಟ್ಟು ಬಿಟ್ಟ ಹೆಸರನ್ನು ತೊಟ್ಟುಕೊಂಡೂ ಕಾಲವನ್ನು ನನ್ನಿಂದ ಎಣಿಸಿ ಎಂದ ಗಂಡಸು.

ಲೇತಿನವನನ್ನು ಕರೆದುಕೊಂಡು ಬಾದಾಮಿಗೂ ಹೋಗಿ ಬಂದೆ. ಅಜ್ಜನ ಶಾಸನ ಬಂಡೆಯ ಎತ್ತರದಲ್ಲಿದೆ ಎಂದು ಗೈಡ್ ಬೆರಳು ತೋರಿಸಿದ. ನನಗೆ ಬಂಡೆ ಕಂಡಿತು, ಅಕ್ಷರ ಕಾಣಲಿಲ್ಲ. ಮೊಮ್ಮಗನದು ಐಹೊಳೆಯ ಗುಡ್ಡದ ಮೇಲಿನ ಗುಡಿಯ ಗೋಡೆಯಲ್ಲಿದೆ, ಅದರ ಎದುರು ಬಹಳ ಹೊತ್ತು ನಿಂತೆ. ಓದಲು ಬರಲಿಲ್ಲ. ಆದರೆ ಉಳಿ ಎಲ್ಲಿ ಆಳಕ್ಕೆ ಹೋಗಿದೆ, ಎಲ್ಲಿ ಕೈ ದಣಿದಿದೆ ಎನ್ನುವುದು ನನಗೆ ತಿಳಿಯುತ್ತದೆ. ಅದನ್ನು ಬರೆದ ಕವಿಯ ಹೆಸರು ಎಲ್ಲರಿಗೂ ಗೊತ್ತು. ಕೆತ್ತಿದವನು ನಮ್ಮ ತಾತನಂಥವನು.

ಎರಡು ವರ್ಷದ ಹಿಂದೆ, ಅಕ್ಟೋಬರ್ ತಿಂಗಳು. ಬಾಗಲಗುಂಟೆ ಕಡೆಯ ಒಂದು ಬಡಾವಣೆಯ ಸಂಘದವರು ಶೆಡ್ಡಿಗೆ ಬಂದರು. ಅವರ ಪಾರ್ಕಿಗೆ ರಾಜ್ಯೋತ್ಸವದ ದಿನ ರಾಜನ ಹೆಸರಿಡುತ್ತಾರಂತೆ, ಎಂಟು ಸಾಲಿನ ಹಿತ್ತಾಳೆ ಫಲಕ ಬೇಕಂತೆ. ಯಾವ ರಾಜ ಎಂದು ಕೇಳಿದೆ. ಹೇಳಿದರು. ಎರಡನೆಯವನು. ನನ್ನ ಕಿವಿ ನೆಟ್ಟಗಾಯಿತು.

"ಒಕ್ಕಣೆ ನಮ್ಮ ಮೇಷ್ಟ್ರೇ ಬರೆದಿರೋದು, ದೊಡ್ಡ ವಿದ್ವಾಂಸರು" ಎನ್ನುತ್ತಾ ಕಾರ್ಯದರ್ಶಿ ಪಕ್ಕಕ್ಕೆ ಸರಿದರು. ಹಿಂದೆ ನಿಂತಿದ್ದರು. ಬಿಳಿ ಅಂಗಿ. ಜೇಬಿನಲ್ಲಿ ಎರಡು ಪೆನ್ನು. ಕೂದಲು ಉದುರಿತ್ತು, ಕೈಯಲ್ಲಿ ಕೋಲು ಬಂದಿತ್ತು. ಅದೇ ದನಿ: "ಅಕ್ಷರ ಸ್ವಲ್ಪ ದಪ್ಪ ಬರಲಪ್ಪ, ದೂರದಿಂದ ಓದೋ ಹಾಗಿರಬೇಕು."

ಅವರಿಗೆ ನನ್ನ ಗುರುತು ಹತ್ತಲಿಲ್ಲ. ನಾನು ಒಕ್ಕಣೆಯನ್ನು ಓದಿದೆ. ಮೂರು ಸಾಲು ಸರಿಯಾಗಿತ್ತು. ನಾಲ್ಕನೇ ಸಾಲು ಹೀಗಿತ್ತು: ಬಾದಾಮಿಯ ಬೆಟ್ಟದ ಮೇಲೆ ಕೋಟೆ ಕಟ್ಟಿಸಿ ಅಶ್ವಮೇಧ ಯಾಗ ಮಾಡಿದ ವೀರ. ಐದನೆಯದು: ನರ್ಮದೆಯ ತಡಿಯಲ್ಲಿ ಉತ್ತರದ ಚಕ್ರವರ್ತಿಯನ್ನು ತಡೆದ ಧೀರ.

ಅಜ್ಜ ಮಾಡಿದ್ದನ್ನು ಮೊಮ್ಮಗನ ತಲೆಗೆ ಕಟ್ಟಿದ್ದರು. ನಾನು ಮೊಮ್ಮಗ ಮಾಡಿದ್ದನ್ನು ಅಜ್ಜನಿಗೆ ಕೊಟ್ಟು ಬೆಂಚು ಹತ್ತಿದ್ದೆ. ಪ್ರೂಫ್ ತೆಗೆದೆ. ಅವರ ಮುಂದೆ ಇಟ್ಟೆ. "ಸಾರ್, ಒಂದೊಂದು ಸಾಲೂ ಸರಿಯಾಗಿ ಓದಿ. ಸಹಿ ಆದ ಮೇಲೆ ಬದಲಾಯಿಸೋಕಾಗಲ್ಲ."

"ನಾನು ಬರೆದಿರೋದನ್ನ ನಾನೇ ಓದ್ಬೇಕೇನಪ್ಪ?" ಎಂದು ನಗುತ್ತಾ ಮೇಲಿನ ಪೆನ್ನು ತೆಗೆದು ಸಹಿ ಹಾಕಿದರು.

ಅವರು ಹೋದ ಮೇಲೆ ಲೇತಿನವನಿಗೆ ಹೇಳಿದೆ. ಅವನಿಗೆ ನನ್ನ ಕಥೆಯೆಲ್ಲ ಗೊತ್ತು. ಅವನು ಕೈ ಒರೆಸಿಕೊಳ್ಳುತ್ತಾ ಪ್ರೂಫ್ ನೋಡಿದ.

"ಫೋನ್ ಮಾಡಿ ಹೇಳ್ಬಿಡು ಗುರು. ವಯಸ್ಸಾಗಿದೆ."

"ನಂಗೆ ಹದಿನಾಲ್ಕು ವಯಸ್ಸಾಗಿತ್ತು. ಆಗ ಯಾರಾದ್ರೂ ಹೇಳಿದ್ರಾ?"

"ಕೆಲಸ ನಮ್ದು ಕಣೋ. ತಪ್ಪು ಅಕ್ಷರ ನಮ್ಮ ಶೆಡ್ಡಿಂದ ಹೋಗುತ್ತೆ."

"ಸಹಿ ಅವ್ರದ್ದು."

ಅವನು ಪ್ರೂಫನ್ನು ಮೇಜಿನ ಮೇಲಿಟ್ಟು ಲೇತಿನ ಹತ್ತಿರ ಹೋದ. ಆ ಫಲಕವನ್ನು ನಾನು ಕೆಲಸಗಾರರ ಕೈಗೆ ಕೊಡಲಿಲ್ಲ, ನಾನೇ ಕೂತು ಕೆತ್ತಿದೆ. ನಾಲ್ಕನೇ ಸಾಲಿಗೆ ಹೆಚ್ಚು ಹೊತ್ತು ಕೊಟ್ಟೆ. ಕಪ್ಪು ಬಣ್ಣ ತುಂಬಿ, ಉಜ್ಜಿ, ಪಾಲಿಶ್ ಮಾಡಿದೆ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಅದಕ್ಕೂ ಮುಂಚೆ ಬಂದಿರಲಿಲ್ಲ.

ನವೆಂಬರ್ ಒಂದರಂದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಪಾರ್ಕಿಗೆ ಹೋಗಿ ಮೂರನೇ ಸಾಲಿನಲ್ಲಿ ಕೂತೆ. ಕೆಂಪು ಹಳದಿ ಬಾವುಟ, ಶಾಮಿಯಾನ, ಶಾಲೆಯ ಮಕ್ಕಳ ಸಾಲು. ಮೇಷ್ಟ್ರಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು. ಅತಿಥಿಗಳು ಪರದೆ ಎಳೆದರು. ಚಪ್ಪಾಳೆ. ಫೋಟೋ. ನಾನು ಕಾಯುತ್ತಿದ್ದೆ. ಇಷ್ಟು ಜನರಲ್ಲಿ ಒಬ್ಬರಾದರೂ ಓದುತ್ತಾರೆ, ಒಬ್ಬರಾದರೂ ಎದ್ದು ಕೇಳುತ್ತಾರೆ, ಆಗ ಆ ಮುಖ ಕೆಂಪಾಗುವುದನ್ನು ಕೂತು ನೋಡುತ್ತೇನೆ ಎಂದು.

ಯಾರೂ ಓದಲಿಲ್ಲ. ಒಬ್ಬ ಹುಡುಗಿಯನ್ನು ಕರೆದು ಮೈಕಿನಲ್ಲಿ ಓದಿಸಿದರು. ಅವಳು ಪದ್ಯ ಹೇಳುವಂತೆ ರಾಗವಾಗಿ ಎಂಟೂ ಸಾಲು ಓದಿದಳು. ನಾಲ್ಕನೇ ಸಾಲು ಬಂದಾಗ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಅದು ಬಂತು, ಹೋಯಿತು. ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದವರು, "ಪೊಟ್ಟಣದಲ್ಲಿ ಮೈಸೂರ್‌ಪಾಕ್ ಇದ್ಯಾ, ಬರೀ ಖಾರಾನಾ?" ಎಂದು ಕೇಳಿದರು.

ಮೈಕು ಐದು ಹೆಜ್ಜೆ ದೂರದಲ್ಲಿತ್ತು. ಎದ್ದು ಹೋಗಿ ಹೇಳಬಹುದಿತ್ತು. ಹೇಳಿದ್ದರೆ ಎರಡು ನಿಮಿಷ ಗುಸುಗುಸು ಆಗುತ್ತಿತ್ತು, ಆಮೇಲೆ ಎಲ್ಲರೂ ತಿಂಡಿಗೆ ಹೋಗುತ್ತಿದ್ದರು. ಅಷ್ಟು ಅಗ್ಗಕ್ಕೆ ಕೊಡಲು ನನಗೆ ಮನಸ್ಸಿರಲಿಲ್ಲ. ಜನ ಚದುರುವವರೆಗೆ ಕಾದು ಮೇಷ್ಟ್ರ ಹತ್ತಿರ ಹೋದೆ.

"ಸಾರ್, ನಾಲ್ಕನೇ ಸಾಲು ಒಂದ್ಸಲ ಓದಿ."

"ಯಾಕಪ್ಪ, ಅಕ್ಷರ ಬಿಟ್ಟುಹೋಗಿದ್ಯಾ?"

"ಅಕ್ಷರ ಎಲ್ಲಾ ಇದೆ. ಕೋಟೆ ಕಟ್ಟಿಸಿದ್ದು ಯಾರು ಸಾರ್? ಒಂದನೆಯವನೋ ಎರಡನೆಯವನೋ?"

ಕನ್ನಡಕ ಸರಿಮಾಡಿಕೊಂಡು ಓದಿದರು. ಮತ್ತೆ ಓದಿದರು. ಪೇಟದ ಕೆಳಗೆ ಹಣೆ ಬೆವೆತದ್ದು ನನಗೆ ಕಂಡಿತು. ಮೂವತ್ತು ವರ್ಷ ಕಾದದ್ದು ಆ ಬೆವರಿಗಾಗಿ. ತೃಪ್ತಿಯಾಯಿತು, ಸುಳ್ಳು ಹೇಳುವುದಿಲ್ಲ.

"ಅಯ್ಯೋ… ಕೈತಪ್ಪಿ ಬಂದಿದೆ. ಇಬ್ಬರದ್ದೂ ಒಂದೇ ಹೆಸರಲ್ವಾ, ಬರೆಯೋವಾಗ…"

"ನಂದೂ ಅಷ್ಟೇ ಆಗಿತ್ತು ಸಾರ್. ಬೆಂಚ್ ಮೇಲೆ ನಿಲ್ಲಿಸಿದ್ರಿ. ಎರಡನೇ ಕಲ್ಲು ಅಂತ ಹೆಸರಿಟ್ರಿ."

ಅವರು ನನ್ನ ಮುಖವನ್ನು ಹುಡುಕಿದರು. ಸಿಗಲಿಲ್ಲ. "ಸಾವಿರಾರು ಹುಡುಗರಿಗೆ ಪಾಠ ಮಾಡಿದೀನಪ್ಪ. ಯಾರನ್ನಂತ ನೆನಪಿಟ್ಕೊಳ್ಳಲಿ?"

ಆ ಮಾತಿಗೆ ಮಾತ್ರ ನಾನು ತಯಾರಿರಲಿಲ್ಲ. ಬೈದಿದ್ದರೆ, ಅಲ್ಲಗಳೆದಿದ್ದರೆ ಉತ್ತರ ಇತ್ತು. ನನ್ನ ಇಡೀ ಜೀವನವನ್ನು ಬೇರೆ ದಾರಿಗೆ ತಿರುಗಿಸಿದ ದಿನ ಇವರ ಲೆಕ್ಕದಲ್ಲಿ ಬಂದೇ ಇರಲಿಲ್ಲ. ಅಲ್ಲಿಯವರೆಗೆ ಇದ್ದ ಸಿಟ್ಟಿಗಿಂತ ದೊಡ್ಡ ಸಿಟ್ಟು ಬಂತು.

"ಎಲ್ಲರ ಎದುರಿಗೆ ಹೇಳ್ಬೇಡಪ್ಪ" ಎಂದು ಮೆಲ್ಲಗೆ ಅಂದರು. "ಸರಿಪಡಿಸೋಕೆ ಏನಾದ್ರೂ ದಾರಿ…"

"ಹೊಸ ಫಲಕ ಮಾಡ್ಕೊಡ್ತೀನಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿಗೆ ಬನ್ನಿ. ನೀವೇ ಬರ್ಬೇಕು."

ಹತ್ತಕ್ಕೆ ಐದು ನಿಮಿಷ ಇರುವಾಗಲೇ ಆಟೋದಲ್ಲಿ ಬಂದರು. ಬಿಳಿ ಅಂಗಿ ಇತ್ತು, ಜೇಬಿನಲ್ಲಿ ಪೆನ್ನು ಒಂದೇ ಇತ್ತು. ನಾನು ಎಲ್ಲ ಮಷಿನ್ ನಿಲ್ಲಿಸಿದೆ. ಕೆಲಸಗಾರರು ಏನಾಯಿತೆಂದು ಸುತ್ತ ಬಂದು ನಿಂತರು. ಲೇತಿನವನು ಎಣ್ಣೆ ಕಲೆಯ ಸ್ಟೂಲನ್ನು ಒರೆಸಿ ಮೇಷ್ಟ್ರ ಹಿಂದೆ ತಂದಿಟ್ಟ. ನಾನು ಅದನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದೆ.

"ಹೇಳಿ ಸಾರ್, ನಾನು ಬರ್ಕೋತೀನಿ. ಎಲ್ರಿಗೂ ಕೇಳೋ ಹಾಗೆ ಹೇಳಿ. ಅಜ್ಜ ಏನು ಮಾಡಿದ?"

"ಬಾದಾಮಿಯಲ್ಲಿ ಕೋಟೆ ಕಟ್ಟಿಸಿದ. ಅಶ್ವಮೇಧ ಮಾಡಿದ."

"ಮೊಮ್ಮಗ?"

"ನರ್ಮದೆಯ ತಡಿಯಲ್ಲಿ…" ಅಲ್ಲಿಗೆ ನಿಲ್ಲಿಸಿ ನೀರು ಬೇಕೆಂದರು. ಕೊಡಿಸಿದೆ. ಮುಂದುವರಿಸಿದರು. ನಾನು ನಿಧಾನವಾಗಿ ಬರೆದೆ. ಬೇಕೆಂದೇ ನಿಧಾನವಾಗಿ ಬರೆದೆ. ಪ್ರೂಫ್ ತೆಗೆದು ಕೊಟ್ಟಾಗ ಎಂಟೂ ಸಾಲನ್ನು ಬೆರಳಿಟ್ಟು ಓದಿದರು, ಒಂದನೇ ತರಗತಿಯ ಮಗುವಿನ ಹಾಗೆ. ಕೋಲನ್ನು ಕಂಕುಳಲ್ಲಿ ಒತ್ತಿಕೊಂಡು ಸಹಿ ಹಾಕಿದರು. ಕಾಲು ನಡುಗುತ್ತಿತ್ತು. ಆಗ ಕೇಳಿದರು, "ಸ್ವಲ್ಪ ಕೂತ್ಕೋಬೋದೇನಪ್ಪ?"

"ಪಾಠ ಮುಗೀತು, ಹೊರಡಿ ಸಾರ್" ಎಂದೆ.

ಲೇತಿನವನು ಅವರ ತೋಳು ಹಿಡಿದು ರಸ್ತೆಯವರೆಗೆ ಕರೆದೊಯ್ದು ಆಟೋ ಹತ್ತಿಸಿ ಬಂದ. ಬಂದವನು ಲೇತ್ ಶುರು ಮಾಡಲಿಲ್ಲ. ನನ್ನ ಎದುರು ಬಂದು ನಿಂತ.

"ನಿನ್ನ ಹೆಸರೇ ಕಣೋ ನಂದೂನು. ಆಟೋದಲ್ಲಿ ಕೂತು ಆ ಮನುಷ್ಯ ನನ್ನ ಹೆಸರು ಕೇಳಿದ್ರು. ಹೇಳೋಕೆ ನಾಚಿಕೆ ಆಯ್ತು."

"ನೀನು ಲೇತ್ ಅಂತ ಹೇಳ್ಬೇಕಾಗಿತ್ತು" ಎಂದೆ. ಯಾರೂ ನಗಲಿಲ್ಲ. ಅವನು ಊಟದ ಡಬ್ಬಿ ಎತ್ತಿಕೊಂಡು ಮನೆಗೆ ಹೋದ. ನಾಲ್ಕು ದಿನ ಬರಲಿಲ್ಲ. ಬಂದ ಮೇಲೂ ಒಂದು ತಿಂಗಳು ಕೆಲಸದ ಮಾತಷ್ಟೇ ಆಡಿದ.

ಹೊಸ ಫಲಕವನ್ನು ಆ ವಾರವೇ ಪಾರ್ಕಿನಲ್ಲಿ ಕೂರಿಸಿದೆ. ಬದಲಾಗಿದೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಹಳೆಯದನ್ನು ತಂದು ಶೆಡ್ಡಿನಲ್ಲಿ ನನ್ನ ಮಷಿನ್‌ನ ಎದುರಿನ ಗೋಡೆಗೆ ಹೊಡೆದೆ. ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಮನೆಯ ಮುಂದೆ ಹಾಕಲು ಅವರ ಹೆಸರಿನ ಒಂದು ಫಲಕ ಬೇಕೆಂದು ಮಗ ಬಂದಿದ್ದ. ತಂದೆಗೂ ಅವರ ತಾತನ ಹೆಸರೇ ಎಂದ. ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲದಂತೆ ಕೆತ್ತಿಕೊಟ್ಟೆ. ನಾನು ಯಾರೆಂದು ಹೇಳಲಿಲ್ಲ. ಕ್ಷಮಿಸಿದೆನೇ ಎಂದು ಲೇತಿನವನು ಕೇಳಿದ. ಇಲ್ಲ ಎಂದೆ.

ಈಗ ನನ್ನ ಹತ್ತಿರ ಇರುವುದು ಇಷ್ಟು. ಪೀಣ್ಯ ಎರಡನೇ ಹಂತದಲ್ಲಿ ಶೆಡ್ ಒಂದು. ಕೆತ್ತುವ ಮಷಿನ್ ಎರಡು, ಲೇಸರ್ ಒಂದು, ಹಳೇ ಲೇತ್ ಒಂದು. ಕೆಲಸಗಾರರು ಆರು, ಅದರಲ್ಲಿ ನನ್ನ ಹೆಸರಿನವನು ಒಬ್ಬ. ತಾತನ ಉಳಿ ಮೂರು. ಗೋಡೆಯ ಮೇಲೆ ತಪ್ಪು ಫಲಕ ಒಂದು, ಅದರ ಕೆಳಗೆ ಮೇಷ್ಟ್ರ ಸಹಿ ಇರುವ ಕಾಗದ ಎರಡು. ಸ್ಟೂಲು ಒಂದು.